ಸಿಂಗರ್ 221 ಫೆದರ್‌ವೇಟ್: ಕ್ವಿಲ್ಟ್ ಕೆಲಸಕ್ಕೆ ಕೂರಿಸುವ ಮುನ್ನ ದೋಷ ಪತ್ತೆ, ದೋಷ ನಿವಾರಣೆ

ಕಪ್ಪು ಪೆಟ್ಟಿಗೆ, ಒಳಗೆ ಐದು ಕಿಲೋ ತೂಗುವ ಪುಟ್ಟ ಕಪ್ಪು ಹೊಲಿಗೆ ಯಂತ್ರ, ಮೈಮೇಲೆ ಚಿನ್ನದ ಬಣ್ಣದ ಬರಹ, ಎಡಗಡೆ ಮೇಲಕ್ಕೆ ಮಡಚುವ ಹಲಗೆ. ಇಷ್ಟು ಕಂಡರೆ ಅದು ಸಿಂಗರ್ 221, ಜನ ಕರೆಯುವ ಹೆಸರು ಫೆದರ್‌ವೇಟ್. 1933ರ ಶಿಕಾಗೋ ಜಾಗತಿಕ ಮೇಳದಲ್ಲಿ ಇದನ್ನು ಜನರೆದುರು ಇಟ್ಟರು; 1960ರ ದಶಕದ ಕೊನೆಯವರೆಗೂ ತಯಾರಿಕೆ ನಡೆಯಿತು. ನ್ಯೂಜೆರ್ಸಿಯ ಎಲಿಜಬೆತ್‌ನಲ್ಲಿ ಆದದ್ದು ಬರೀ 221, ಸ್ಕಾಟ್ಲೆಂಡಿನ ಕಿಲ್ಬೋವಿ ಕಾರ್ಖಾನೆಯದು 221ಕೆ, ಕೆನಡಾದ್ದು 221ಜೆ. ನೇರ ಹೊಲಿಗೆ ಬಿಟ್ಟರೆ ಬೇರೇನೂ ಬಾರದು. ಆ ಒಂದನ್ನು ಎಷ್ಟು ಅಚ್ಚುಕಟ್ಟಾಗಿ ಹೊಲಿಯುತ್ತದೆಂದರೆ, ಅಮೆರಿಕದ ಕ್ವಿಲ್ಟ್ (ಬಟ್ಟೆಯ ತುಂಡು ಜೋಡಿಸಿ ಪದರ ಹೊಲಿದ ಹೊದಿಕೆ) ಹೊಲಿಯುವವರು ತುಂಡು ಜೋಡಿಸಲು ಇವತ್ತಿಗೂ ಇದನ್ನೇ ಹುಡುಕಿಕೊಂಡು ಹೋಗುತ್ತಾರೆ.

ಗರಾಜ್ ಸೇಲಿನಲ್ಲೋ ಹಳೇ ಸಾಮಾನಿನ ಅಂಗಡಿಯಲ್ಲೋ ಸಿಕ್ಕ 221 ಮೊದಲ ದಿನವೇ ಸರಿಯಾಗಿ ಹೊಲಿಯುವುದು ಕಡಿಮೆ. ಹಾಗೆಂದು ಕೆಟ್ಟಿದೆ ಎಂದುಕೊಳ್ಳಬೇಡಿ. ಒಳಗಿರುವುದೆಲ್ಲ ಲೋಹ, ಸವೆಯುವುದು ನಿಧಾನ. ತೊಂದರೆ ಇರುವುದು ಸಾಮಾನ್ಯವಾಗಿ ಸೂಜಿಯಲ್ಲಿ, ದಾರ ಪೋಣಿಸಿದ ರೀತಿಯಲ್ಲಿ, ಒಣಗಿ ಅಂಟಾದ ಎಣ್ಣೆಯಲ್ಲಿ, ಅಡಿಯಲ್ಲಿ ತಿರುಗುತ್ತ ದಾರ ಹಿಡಿಯುವ ಹುಕ್ಕಿನ ಹಿಂದೆ ಸುತ್ತಿಕೊಂಡ ದಾರದ ತುಣುಕಿನಲ್ಲಿ. ಆದ್ದರಿಂದ ಸ್ಕ್ರೂಡ್ರೈವರ್ ಕೊನೆಗಿರಲಿ. ಇನ್ನೊಂದು ಕಾರಣವೂ ಇದೆ: ಯಂತ್ರದ ಮೈ ಅಲ್ಯೂಮಿನಿಯಂ. ಉಕ್ಕಿನ ಸ್ಕ್ರೂ ಹಾಕಿ ಜೋರಾಗಿ ಬಿಗಿದರೆ ತೂತಿನೊಳಗಿನ ತಿರುಪಿನ ಗೆರೆಗಳು ಕಿತ್ತುಹೋಗುತ್ತವೆ, ಆಮೇಲೆ ಅದನ್ನು ಸರಿಮಾಡುವುದು ಮನೆಯಲ್ಲಿ ಆಗುವ ಕೆಲಸವಲ್ಲ.

ಪ್ಲಗ್ ಹಾಕುವ ಮೊದಲು

ಯಂತ್ರದ ಆಯುಸ್ಸಿಗಿಂತ ವೈರಿನ ಆಯುಸ್ಸು ಚಿಕ್ಕದು. ರಬ್ಬರ್ ಹೊದಿಕೆಯ ವೈರುಗಳನ್ನು ಮೂರು ಕಡೆ ಮೆಲ್ಲಗೆ ಬಗ್ಗಿಸಿ ನೋಡಿ: ಗೋಡೆಯ ಪ್ಲಗ್ಗಿನ ಕತ್ತು, ಯಂತ್ರದ ಬಲಬದಿಗೆ ಸಿಕ್ಕಿಸುವ ಮೂರು ಪಿನ್ನಿನ ಪ್ಲಗ್ಗಿನ ಕತ್ತು, ಮೋಟರಿನಿಂದ ಹೊರಟು ಯಂತ್ರದ ಒಳಗೆ ಹೋಗುವ ಜಾಗ. ಬಗ್ಗಿಸಿದಾಗ ಬಿರುಕು ಬಿಟ್ಟರೆ, ಪುಡಿ ಉದುರಿದರೆ, ತಾಮ್ರ ಇಣುಕಿದರೆ ಅಲ್ಲಿಗೇ ನಿಲ್ಲಿಸಿ. ವೈರು ಬದಲಾಗುವವರೆಗೆ ಕರೆಂಟು ಬೇಡ. ಇನ್ಸುಲೇಷನ್ ಟೇಪು ಸುತ್ತಿ ಸುಧಾರಿಸುವ ಜಾಗ ಇದಲ್ಲ. ಹಳೇ ಪ್ಲಗ್ಗಿಗೆ ಎರಡೇ ಕಡ್ಡಿ, ಅರ್ಥಿಂಗ್ ಇಲ್ಲ. ಒಳಗೆ ಸೋರಿಕೆಯಿದ್ದರೆ ಅದು ಬಂದು ಸೇರುವುದು ನೀವು ಕೈಯಿಟ್ಟ ಲೋಹದ ಮೈಗೇ.

ಮಲ್ಟಿಮೀಟರ್ ಇದ್ದರೆ ಅದನ್ನು ಅತಿ ಹೆಚ್ಚಿನ ಓಮ್ ಅಳತೆಗೆ ಇಡಿ. ಗೋಡೆಯಿಂದ ಪ್ಲಗ್ ತೆಗೆದಿರಬೇಕು, ಯಂತ್ರದ ಲೈಟಿನ ಸ್ವಿಚ್ ಹಾಕಿರಬೇಕು, ಕಾಲಿನ ಪೆಡಲ್ ಒತ್ತಿರಬೇಕು. ಒಂದು ಕಡ್ಡಿಯನ್ನು ಪ್ಲಗ್ಗಿನ ಪಿನ್ನಿಗೂ ಇನ್ನೊಂದನ್ನು ಸೂಜಿಯ ಕೆಳಗಿನ ಪ್ಲೇಟಿಗೂ ಮುಟ್ಟಿಸಿ. ಎರಡೂ ಪಿನ್ನುಗಳನ್ನು ಹೀಗೆ ನೋಡಿ. ಮೀಟರ್ ಏನೂ ತೋರಿಸಬಾರದು. ಓಮ್ ಲೆಕ್ಕ ಬಂತೆಂದರೆ ಸೋರಿಕೆ ಇದೆ.

ಭಾರತಕ್ಕೆ ತಂದವರು ಮೋಟರಿನ ಮೇಲಿನ ಪಟ್ಟಿ ಓದಬೇಕು. ಅಮೆರಿಕದ ಯಂತ್ರ 110 ವೋಲ್ಟಿನದು, 0.7 ಆಂಪಿಯರ್ ಎಳೆಯುತ್ತದೆ. ನಮ್ಮ 230 ವೋಲ್ಟಿಗೆ ಸೀದಾ ಹಾಕಿದರೆ ಮೊದಲು ಬಲ್ಬು, ಹಿಂದೆಯೇ ಮೋಟರು ಹೋಗುತ್ತದೆ. ಕನಿಷ್ಠ 150 ವಾಟಿನ ಸುರುಳಿ ಸುತ್ತಿದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಪ್ರಯಾಣಕ್ಕೆಂದು ಮಾರುವ ಕೈಯಗಲದ ಎಲೆಕ್ಟ್ರಾನಿಕ್ ಕನ್ವರ್ಟರ್ ಹೇರ್ ಡ್ರೈಯರಿಗೆ ಸಾಕು, ಮೋಟರಿಗೆ ಆಗದು. 50 ಹರ್ಟ್ಸ್, 60 ಹರ್ಟ್ಸ್ ಎಂದು ತಲೆ ಕೆಡಿಸಿಕೊಳ್ಳಬೇಡಿ. ಇದು ಕಾರ್ಬನ್ ಬ್ರಷ್ಷಿನ ಯೂನಿವರ್ಸಲ್ ಮೋಟರು, ಎರಡಕ್ಕೂ ಓಡುತ್ತದೆ. ಬ್ರಿಟನ್ನಿನಲ್ಲಿ ಮಾರಾಟವಾದ 221ಕೆ ಯಂತ್ರಗಳಲ್ಲಿ 200ಕ್ಕೂ ಹೆಚ್ಚು ವೋಲ್ಟಿನ ಮೋಟರು ಇರುತ್ತದೆ. ಅಂಥದ್ದು ಸಿಕ್ಕರೆ ಊರಿಗೆ ತರಲು ಅದೇ ಸುಲಭ.

ಚಕ್ರ ತಿರುಗುತ್ತಿಲ್ಲ

ಬಲಗಡೆಯ ಕೈಚಕ್ರವನ್ನು ನಿಮ್ಮ ಕಡೆಗೆ ತಿರುಗಿಸಿ. ಹಿಮ್ಮುಖವಾಗಿ ತಿರುಗಿಸುವ ಅಭ್ಯಾಸ ಬೇಡ, ದಾರ ಹುಕ್ಕಿಗೆ ಸಿಕ್ಕಿಹಾಕಿಕೊಳ್ಳುವುದೇ ಹಾಗೆ. ಬಿಗಿಯಲ್ಲಿ ಎರಡು ಬಗೆ. ಇಡೀ ಸುತ್ತು ಒಂದೇ ಸಮನೆ ಭಾರವಾಗಿದ್ದರೆ ಅದು ಒಣಗಿದ ಎಣ್ಣೆ. ಅಷ್ಟು ದೂರ ಸಲೀಸಾಗಿ ಬಂದು ಒಂದೇ ಜಾಗದಲ್ಲಿ ಟಕ್ಕೆಂದು ನಿಂತರೆ ದಾರ, ಮುರಿದ ಸೂಜಿಯ ತುದಿ, ಇಲ್ಲವೇ ಸರಿಯಾಗಿ ಕೂರದ ಪ್ಲೇಟು.

ಒಣಗಿದ ಎಣ್ಣೆಗೆ ತಾಳ್ಮೆಯೇ ಮದ್ದು. ಯಂತ್ರವನ್ನು ಹಿಂದಕ್ಕೆ ಮಲಗಿಸಿ ಅಡಿಯ ತಟ್ಟೆ ಬಿಚ್ಚಿ, ಕೈಯಿಂದ ತಿರುಗಿಸುವ ಒಂದೇ ನಟ್ಟು ಅದಕ್ಕಿರುವುದು. ಒಳಗಿನ ಫೆಲ್ಟ್ ಬಟ್ಟೆ ಎಣ್ಣೆ ಕುಡಿದು ಕಪ್ಪಾಗಿದ್ದರೆ ಎಸೆದು ಹೊಸದು ಹಾಕಿ. ಲೋಹಕ್ಕೆ ಲೋಹ ಉಜ್ಜುವ ಪ್ರತಿ ಸಂದಿಗೂ, ಮೇಲಿನ ಎಣ್ಣೆ ತೂತುಗಳಿಗೂ ಒಂದೊಂದೇ ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು ಹತ್ತು ನಿಮಿಷ ಕಾಯಿರಿ, ಚಕ್ರವನ್ನು ಆಡಿಸಿ, ಮತ್ತೆ ಬಿಡಿ. ಅಂಟು ತೀರಾ ಗಟ್ಟಿಯಾಗಿದ್ದರೆ ಹೇರ್ ಡ್ರೈಯರಿನಿಂದ ಆ ಭಾಗವನ್ನು ಬೆಚ್ಚಗೆ ಮಾಡಿದಾಗ ಎಣ್ಣೆ ಒಳಗಿಳಿಯುತ್ತದೆ. ಅದಕ್ಕೂ ಬಗ್ಗದಿದ್ದರೆ ಸೀಮೆಎಣ್ಣೆ ಎರಡು ಹನಿ, ಮರುದಿನ ಒರೆಸಿ ಮತ್ತೆ ಎಣ್ಣೆ. ಡಬ್ಲ್ಯೂಡಿ-40 ತುಕ್ಕು ಸಡಿಲಿಸಲು ಸರಿ, ಎಣ್ಣೆಯ ಬದಲಿಗೆ ಸಲ್ಲದು. ಕೊಬ್ಬರಿ ಎಣ್ಣೆಯನ್ನಂತೂ ಹತ್ತಿರವೂ ತರಬೇಡಿ. ಚಳಿಗೆ ಹೆಪ್ಪುಗಟ್ಟುತ್ತದೆ, ಕಾಲ ಕಳೆದಂತೆ ಗೋಂದಾಗುತ್ತದೆ.

ಒಂದು ಎಚ್ಚರಿಕೆ. ಹೊರಮೈಯ ಚಿನ್ನದ ಬರಹದ ಮೇಲೆ ಅರಗಿನ ತೆಳು ಲೇಪವಿದೆ. ಸ್ಪಿರಿಟ್ಟು ಅದನ್ನು ಕರಗಿಸುತ್ತದೆ. ಕಪ್ಪು ಮೈ ಒರೆಸಲು ಹೊಲಿಗೆ ಎಣ್ಣೆ ಸವರಿದ ಮೆತ್ತನೆ ಬಟ್ಟೆ ಸಾಕು. ನೆಲ ಒರೆಸುವ ದ್ರಾವಣ, ಪಾತ್ರೆ ತೊಳೆಯುವ ಸೋಪು ಯಾವುದೂ ಬೇಡ.

ಒಂದೇ ಜಾಗದಲ್ಲಿ ನಿಲ್ಲುವ ಬಿಗಿಗೆ ಹೀಗೆ ಹೋಗಿ:

1. ಪ್ಲಗ್ ತೆಗೆಯಿರಿ. ಸೂಜಿ, ಬಟ್ಟೆ ಒತ್ತುವ ಪಾದ ಎರಡನ್ನೂ ಬಿಚ್ಚಿ. ಎಡ ಹಲಗೆ ಮೇಲೆತ್ತಿ, ಅಡಿದಾರದ ಉರುಳೆ (ಬಾಬಿನ್) ಕೂರುವ ಬಾಬಿನ್ ಕೇಸಿನ ಚಿಲಕ ಎಳೆದು ಹೊರತೆಗೆಯಿರಿ.
2. ಪ್ಲೇಟಿನ ಎರಡು ಸ್ಕ್ರೂ ಬಿಚ್ಚಿ ಮೇಲೆತ್ತಿ. ಬಟ್ಟೆ ತಳ್ಳುವ ಹಲ್ಲುಗಳ ಸುತ್ತ ಒತ್ತಾಗಿ ಕೂತ ಜಿಡ್ಡುನಾರನ್ನು ಚಿಮುಟದಿಂದ ಎಬ್ಬಿಸಿ. ಹಲವು ಯಂತ್ರಗಳಲ್ಲಿ ಇದು ಕಂಬಳಿಯಷ್ಟು ಗಟ್ಟಿಯಾಗಿ ಒಂದೇ ತುಂಡಾಗಿ ಏಳುತ್ತದೆ. ಊದಬೇಡಿ, ಒಳಕ್ಕೆ ಹೋಗುತ್ತದೆ.
3. ಟಾರ್ಚ್ ಹಿಡಿದು ತಿರುಗುವ ಹುಕ್ಕಿನ ಅಂಚನ್ನೂ ಅದರೊಳಗೆ ತಿರುಗದೆ ನಿಂತ ಬಾಬಿನ್ ಕೇಸಿನ ಬುಡವನ್ನೂ ನೋಡಿ. ಎರಡರ ನಡುವಿನ ಕೂದಲಗಲದ ಸಂದಿಯಲ್ಲಿ ದಾರದ ತುದಿ ಕಾಣಬಹುದು. ಹುಕ್ಕಿನ ಹಿಂಬದಿ, ದಂಡಿನ ಸುತ್ತ ಕೂಡ ನೋಡಿ.
4. ಸಂದಿಗೆ ಒಂದು ಹನಿ ಎಣ್ಣೆ ಬಿಟ್ಟು ಚಕ್ರವನ್ನು ಹಿಂದೆ ಮುಂದೆ ಒಂದೆರಡು ಸೆಂಟಿಮೀಟರ್ ಅಲ್ಲಾಡಿಸುತ್ತ ದಾರದ ತುದಿ ಎಳೆಯಿರಿ. ಬಲ ಹಾಕಿದರೆ ದಾರ ಇನ್ನಷ್ಟು ಒಳಗೆ ಬಿಗಿಯುತ್ತದೆ.
5. ಹೊರಬರದಿದ್ದರೆ ಮಾತ್ರ ಹುಕ್ಕಿನ ಮೇಲಿನ ಸಣ್ಣ ಬಾಗಿದ ಗಿಬ್ ಪಟ್ಟಿ ಬಿಚ್ಚಬೇಕು. ಸ್ಕ್ರೂಗಳು ಎಳ್ಳುಕಾಳಿನಷ್ಟು. ಸೀಳಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಇಲ್ಲದೆ ಕೈ ಹಾಕಬೇಡಿ. ಕೆಳಗೆ ಬಿಳಿ ಬಟ್ಟೆ ಹಾಸಿಕೊಳ್ಳಿ.

ಪ್ಲೇಟನ್ನು ಮರಳಿ ಕೂರಿಸುವಾಗ ಆಗುವ ತಪ್ಪು ದುಬಾರಿಯದು. ಬಾಬಿನ್ ಕೇಸಿನ ಬುಡ ಹುಕ್ಕಿನ ಜೊತೆ ಸುತ್ತದಂತೆ ತಡೆಯುವುದು ಪ್ಲೇಟು. ಒಂದರ ಬೆರಳು ಇನ್ನೊಂದರ ಕಚ್ಚಿನಲ್ಲಿ ಕೂತಿರಬೇಕು. ಕೂರದೆ ಸ್ಕ್ರೂ ಬಿಗಿದರೆ ಬುಡ ತಿರುಗಿ ಸೂಜಿಗೆ ಅಡ್ಡ ಬರುತ್ತದೆ, ಮೊದಲ ಹೊಲಿಗೆಗೇ ಸೂಜಿ ಮುರಿಯುತ್ತದೆ. ಸ್ಕ್ರೂ ಬಿಗಿದ ಮೇಲೆ ಬುಡವನ್ನು ಬೆರಳಿನಿಂದ ಅಲ್ಲಾಡಿಸಿ: ತೀರಾ ಸ್ವಲ್ಪ ಆಡಬೇಕು, ದಾರ ನುಸುಳುವಷ್ಟು ಜಾಗವಿರಬೇಕು, ಸುತ್ತಬಾರದು. ಆಮೇಲೆ ಸೂಜಿ ಹಾಕಿ ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿ ನೋಡಿ, ಅದಾದ ಮೇಲೆ ಪೆಡಲ್.

ಚಕ್ರ ತಿರುಗುತ್ತದೆ, ಸೂಜಿ ಅಲ್ಲಾಡುವುದಿಲ್ಲ

ಬಾಬಿನ್ ಸುತ್ತಲು ಸಡಿಲಿಸಿದ ಚಕ್ರದ ನಡುವಿನ ಗುಂಡಿಯನ್ನು ಮರಳಿ ಬಿಗಿದಿಲ್ಲ, ಅಷ್ಟೇ. ಬಿಗಿದರೂ ಜಾರುತ್ತಿದ್ದರೆ ಗುಂಡಿಯ ಅಂಚಿನ ಪುಟ್ಟ ಸ್ಕ್ರೂ ಬಿಚ್ಚಿ ಗುಂಡಿ ತೆಗೆಯಿರಿ, ಒಳಗಿನ ಕ್ಲಚ್ ವಾಷರನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿ. ಯಾರೋ ಹಿಂದೆ ಶುಚಿ ಮಾಡುವಾಗ ಅದನ್ನು ತಪ್ಪಾಗಿ ಹಾಕಿರುತ್ತಾರೆ. ಅಲ್ಲಿ ಹಳೇ ಎಣ್ಣೆ ಜಿಡ್ಡಿದ್ದರೂ ಹಿಡಿತ ತಪ್ಪುತ್ತದೆ, ಒರೆಸಿ ಹಾಕಿ.

ಲೈಟ್ ಉರಿಯುತ್ತದೆ, ಮೋಟರ್ ಓಡುವುದಿಲ್ಲ

ಲೈಟ್ ಉರಿದರೆ ಗೋಡೆಯಿಂದ ಯಂತ್ರದವರೆಗೆ ಕರೆಂಟು ಬರುತ್ತಿದೆ. ಉಳಿದದ್ದು ಪೆಡಲ್, ಮೋಟರ್, ಅಥವಾ ಯಂತ್ರದ ಬಿಗಿ. ಇವನ್ನು ಬೇರ್ಪಡಿಸಲು ಬೆಲ್ಟನ್ನು ಕಳಚಿ ಪೆಡಲ್ ಒತ್ತಿ. ಬೆಲ್ಟ್ ಇಲ್ಲದೆ ಮೋಟರ್ ಚೆನ್ನಾಗಿ ಓಡಿದರೆ ತಪ್ಪು ಯಂತ್ರದ ಕಡೆ, ಮೇಲಿನ ‘ಚಕ್ರ ತಿರುಗುತ್ತಿಲ್ಲ’ ಭಾಗಕ್ಕೆ ಹೋಗಿ. ಓಡದಿದ್ದರೆ ಕಾರ್ಬನ್ ಬ್ರಷ್ ನೋಡಿ.

ಮೋಟರಿನ ಎರಡು ಪಕ್ಕದಲ್ಲಿ ಸೀಳಿರುವ ಕಪ್ಪು ಬಿರಡೆಗಳಿವೆ. ಪ್ಲಗ್ ತೆಗೆದು ಒಂದನ್ನು ಬಿಚ್ಚಿದರೆ ಸ್ಪ್ರಿಂಗಿಗೆ ಅಂಟಿದ ಚೌಕ ಇದ್ದಿಲ ತುಂಡು ಬರುತ್ತದೆ. ಅದರ ತುದಿ ಮೋಟರಿನ ತಾಮ್ರದ ಉರುಳೆಗೆ (ಕಮ್ಯುಟೇಟರ್) ಒಪ್ಪುವಂತೆ ಬಾಗಿ ಸವೆದಿರುತ್ತದೆ. ತೆಗೆದ ಬದಿಗೆ, ತೆಗೆದ ದಿಕ್ಕಿನಲ್ಲೇ ಮರಳಿ ಹಾಕಬೇಕು. ಇದ್ದಿಲು ಅರ್ಧ ಸೆಂಟಿಮೀಟರಿಗಿಂತ ಗಿಡ್ಡವಾಗಿದ್ದರೆ ಜೋಡಿಯನ್ನೇ ಬದಲಿಸಿ. ಬ್ರಷ್ಷು ಎಣ್ಣೆಯಿಂದ ತೊಯ್ದು ಹೊಳೆಯುತ್ತಿದ್ದರೆ ಯಾರೋ ಮೋಟರಿಗೆ ಎಣ್ಣೆ ಬಿಟ್ಟಿದ್ದಾರೆ ಎಂದರ್ಥ. ಇದೇ ಈ ಯಂತ್ರಕ್ಕೆ ಮಾಡಬಹುದಾದ ಅತಿ ದೊಡ್ಡ ಅಪಚಾರ. ಎಣ್ಣೆ ತಾಮ್ರದ ಉರುಳೆಗೆ ಹರಿದು ಕಾರ್ಬನ್ ಪುಡಿಯ ಜೊತೆ ಕಲಸಿ ಕಿಡಿ ಹಾರುತ್ತದೆ, ಸುಟ್ಟ ವಾಸನೆ ಬರುತ್ತದೆ. ಬ್ರಷ್ ತೂತಿನ ಮೂಲಕ ಹತ್ತಿ ಸುತ್ತಿದ ಕಡ್ಡಿಗೆ ಸ್ವಲ್ಪ ಐಸೋಪ್ರೊಪೈಲ್ ಸ್ಪಿರಿಟ್ಟು ತಾಗಿಸಿ, ಮೋಟರನ್ನು ಕೈಯಲ್ಲಿ ತಿರುಗಿಸುತ್ತ ಹತ್ತಿ ಬಿಳಿಯಾಗಿ ಬರುವವರೆಗೆ ಒರೆಸಿ. ಪೂರ್ತಿ ಆರಿದ ಮೇಲೆಯೇ ಕರೆಂಟು.

ಮೋಟರಿಗೆ ಬೇಕಾದದ್ದು ಗ್ರೀಸ್. ಎರಡೂ ತುದಿಯ ಬೇರಿಂಗಿಗೆ ಒಂದೊಂದು ಗ್ರೀಸ್ ಕೊಳವೆಯಿದೆ. ಹಳೇ ಗ್ರೀಸ್ ಮೇಣದಂತೆ ಗಟ್ಟಿಯಾಗಿದ್ದರೆ ಕಡ್ಡಿಯಿಂದ ಕೆದಕಿ ತೆಗೆದು, ಹೊಲಿಗೆ ಯಂತ್ರದ ಮೋಟರಿಗೆಂದೇ ಮಾರುವ ಗ್ರೀಸನ್ನು ತುಂಬಿ. ಆ ಗ್ರೀಸ್ ಮೋಟರಿನ ಬಿಸಿಗೆ ಕರಗಿ ಬತ್ತಿಯ ಮೂಲಕ ಒಳಗಿಳಿಯುವಂತೆ ಮಾಡಿದ್ದು. ಗಾಡಿಯ ಚಕ್ರಕ್ಕೆ ಹಾಕುವ ದಪ್ಪ ಗ್ರೀಸ್ ಕರಗುವುದೇ ಇಲ್ಲ, ಬೇರಿಂಗು ಒಣಗಿಯೇ ಉಳಿಯುತ್ತದೆ.

ಬ್ರಷ್ಷು ಸರಿಯಿದ್ದೂ ಓಡದಿದ್ದರೆ, ಅಥವಾ ಮುಟ್ಟಿದರೆ ಸಾಕು ಪೂರ್ತಿ ವೇಗದಲ್ಲಿ ಹಾರಿದರೆ ಪೆಡಲ್ ಅನುಮಾನಿಸಿ. ಹಳೇ ಪೆಡಲ್ ಒಳಗೆ ಕಾರ್ಬನ್ ಬಿಲ್ಲೆಗಳ ಸಾಲಿದೆ. ಒತ್ತಿದಷ್ಟೂ ಬಿಲ್ಲೆಗಳು ಕೂಡಿ ಕರೆಂಟು ಹೆಚ್ಚು ಬಿಡುತ್ತವೆ. ನಿಧಾನವಾಗಿ ಬಹಳ ಹೊತ್ತು ಹೊಲಿದರೆ ಪೆಡಲ್ ಬಿಸಿಯಾಗುವುದು ಸಹಜ, ಬರಿಗಾಲಿಗೆ ಸುಡುವಷ್ಟಾದರೆ ಸಹಜವಲ್ಲ. ಪೆಡಲ್ ಮೇಲೆ ಕಾಲಿಲ್ಲದಿದ್ದರೂ ಯಂತ್ರ ತೆವಳುತ್ತಿದ್ದರೆ ಅದನ್ನು ಬದಲಿಸುವುದೇ ಮೇಲು. ಈ ವಿಷಯದಲ್ಲಿ ಮೂಲ ಭಾಗವೇ ಬೇಕೆಂಬ ಹಟ ಯಾಕೋ ತಿಳಿಯದು; ಮೂರು ಪಿನ್ನಿನ ಪ್ಲಗ್ಗಿಗೆ ಹೊಂದುವ ಹೊಸ ಎಲೆಕ್ಟ್ರಾನಿಕ್ ಪೆಡಲ್ ಸಿಗುತ್ತದೆ, ನಿಧಾನ ಹೊಲಿಗೆಗೆ ಅದೇ ಚೆನ್ನ. ಏನೇ ಇರಲಿ, ಕೆಲಸ ಮುಗಿದ ಕೂಡಲೇ ಗೋಡೆಯಿಂದ ಪ್ಲಗ್ ಕಿತ್ತಿಡಿ.

ಬೆಲ್ಟ್ ತೀರಾ ಬಿಗಿಯಾಗಿದ್ದರೆ ಮೋಟರ್ ನರಳುತ್ತದೆ, ಬಿಸಿಯಾಗುತ್ತದೆ. ಸಡಿಲವಾಗಿದ್ದರೆ ದಪ್ಪ ಜಾಗದಲ್ಲಿ ಮೋಟರ್ ಮಾತ್ರ ಓಡಿ ಸೂಜಿ ನಿಲ್ಲುತ್ತದೆ. ಮೋಟರನ್ನು ಹಿಡಿದ ಸ್ಕ್ರೂ ಸಡಿಲಿಸಿ ಮೋಟರನ್ನೇ ಮೇಲೆ ಕೆಳಗೆ ಸರಿಸಿ. ಬೆಲ್ಟಿನ ನಡುವೆ ಬೆರಳಿನಿಂದ ಹಗುರಾಗಿ ಒತ್ತಿದರೆ ಅರ್ಧ ಸೆಂಟಿಮೀಟರ್ ಅಥವಾ ಇನ್ನೊಂದಿಷ್ಟು ತಗ್ಗಬೇಕು.

ಬಟ್ಟೆಯ ಅಡಿಯಲ್ಲಿ ದಾರದ ಗೋಜಲು

ಕೇಳಿಬರುವ ದೂರುಗಳಲ್ಲಿ ಇದಕ್ಕೇ ಮೊದಲ ಸ್ಥಾನ. ಗೋಜಲು ಅಡಿಯಲ್ಲಿ ಕಾಣುವುದರಿಂದ ಎಲ್ಲರೂ ಬಾಬಿನ್ ಮೇಲೆ ಮುನಿಸಿಕೊಳ್ಳುತ್ತಾರೆ, ತಪ್ಪಿರುವುದು ಮೇಲಿನ ದಾರದಲ್ಲಿ. ಮೇಲಿನ ದಾರಕ್ಕೆ ಹಿಡಿತವಿಲ್ಲದಾಗ ಹುಕ್ಕು ಎಳೆದಷ್ಟೂ ಬಂದು ಅಡಿಯಲ್ಲಿ ಸುರುಳಿಯಾಗುತ್ತದೆ. ಬಟ್ಟೆಯ ಮೇಲ್ಬದಿಯಲ್ಲಿ ಸುರುಳಿ ಕಂಡರೆ ಆಗ ಬಾಬಿನ್ ಕೇಸ್ ನೋಡಿ.

ಪಾದ ಮೇಲೆತ್ತಿಯೇ ದಾರ ಪೋಣಿಸಿ. ಪಾದ ಕೆಳಗಿದ್ದರೆ ದಾರಕ್ಕೆ ಬಿಗಿ ಕೊಡುವ ಟೆನ್ಷನ್ ಬಿಲ್ಲೆಗಳು ಮುಚ್ಚಿಕೊಂಡಿರುತ್ತವೆ, ದಾರ ನಡುವೆ ಇಳಿಯದೆ ಅಂಚಿನ ಮೇಲೆಯೇ ಕೂರುತ್ತದೆ. ಇನ್ನು ಸೂಜಿ. ಈಗಿನ ಮನೆ ಯಂತ್ರಗಳಲ್ಲಿ ಸೂಜಿಯ ಚಪ್ಪಟೆ ಬದಿ ಹಿಂದಕ್ಕೆ, ದಾರ ಮುಂದಿನಿಂದ ಹಿಂದಕ್ಕೆ. 221ರಲ್ಲಿ ಚಪ್ಪಟೆ ಬದಿ ಎಡಕ್ಕೆ, ದಾರ ಬಲದಿಂದ ಎಡಕ್ಕೆ. ಬೇರೆ ಯಂತ್ರದಲ್ಲಿ ಕೈ ಪಳಗಿದವರು ಇಲ್ಲೇ ಬೇಸ್ತು ಬೀಳುವುದು. ಎಡದಿಂದ ಬಲಕ್ಕೆ ಪೋಣಿಸಿದರೆ ಯಂತ್ರ ಹೊಲಿಗೆಯನ್ನೇ ಹಿಡಿಯುವುದಿಲ್ಲ.

ಅನಂತರ ಟೆನ್ಷನ್ ಪರೀಕ್ಷೆ. ಸೂಜಿಗೆ ಪೋಣಿಸುವ ಮೊದಲು ಪಾದ ಕೆಳಗಿಳಿಸಿ, ಅಂಕಿ ಬಿಲ್ಲೆಯನ್ನು 0ಗೆ ಇಟ್ಟು ದಾರ ಎಳೆಯಿರಿ: ಹೆಚ್ಚುಕಡಿಮೆ ಸಲೀಸಾಗಿ ಬರಬೇಕು. 3, 5, 7 ಎಂದು ಏರಿಸಿದಂತೆ ಭಾರ ಏರಬೇಕು, 9ರಲ್ಲಿ ದಾರ ಬಿಗಿಯಾಗಿ ನಿಲ್ಲಬೇಕು. ಪಾದ ಎತ್ತಿದರೆ ಭಾರ ಪೂರ್ತಿ ಹೋಗಬೇಕು. ಯಾವ ಅಂಕಿಗೂ ಭಾರ ಬದಲಾಗದಿದ್ದರೆ ಬಿಲ್ಲೆಗಳ ನಡುವೆ ನಾರು ಕೂತಿದೆ. ಎಣ್ಣೆಯಿಲ್ಲದ ತೆಳು ಬಟ್ಟೆಯ ಮಡಿಕೆಯನ್ನು ನಡುವೆ ಹಾಕಿ ಹಿಂದೆ ಮುಂದೆ ಎಳೆಯಿರಿ. 0ಯಲ್ಲೇ ಬಿಗಿಯಿದ್ದರೆ ಅಂಕಿ ಬಿಲ್ಲೆ ತಪ್ಪು ಜಾಗದಲ್ಲಿ ಕೂತಿದೆ. ಆ ಬಿಲ್ಲೆಯನ್ನು ಒಳಕ್ಕೆ ಒತ್ತಿದರೆ ಅದರ ಪಿನ್ನು ಹೊರಗಿನ ನಟ್ಟಿನ ತೂತಿನಿಂದ ಬಿಡಿಸಿಕೊಳ್ಳುತ್ತದೆ; ಹಾಗೇ ಒತ್ತಿ ಹಿಡಿದು ನಟ್ಟನ್ನು ಹಿಡಿತ ಹೋಗುವವರೆಗೆ ಸಡಿಲಿಸಿ, ಬಿಲ್ಲೆಯನ್ನು 0ಗೆ ತಂದು ಬಿಡಿ. ಪಕ್ಕದ ಸಣ್ಣ ಬಾಗಿದ ತಂತಿ, ಅಂದರೆ ಚೆಕ್ ಸ್ಪ್ರಿಂಗ್, ಮುರಿದಿದ್ದರೆ ಅಥವಾ ದಾರ ಅದರಡಿ ಸಿಕ್ಕದೆ ಹೋಗಿದ್ದರೆ ಟೆನ್ಷನ್ ಎಷ್ಟು ಸರಿಯಿದ್ದರೂ ಅಲ್ಲೊಂದು ಇಲ್ಲೊಂದು ಸುರುಳಿ ಬೀಳುತ್ತಲೇ ಇರುತ್ತದೆ.

ಬಾಬಿನ್ ಕೇಸಿನದು ಸುಲಭದ ಪರೀಕ್ಷೆ. ಬಾಬಿನ್ ಹಾಕಿ ದಾರವನ್ನು ಸೀಳಿಗೆ ಇಳಿಸಿ, ಹಿಂದಕ್ಕೆ ತಿರುಗಿಸಿ ಸ್ಪ್ರಿಂಗಿನ ಅಡಿಯಿಂದ ತೂತಿಗೆ ತನ್ನಿ. ದಾರ ಹಿಡಿದು ಕೇಸನ್ನು ನೇತಾಡಿಸಿ. ತನ್ನ ಭಾರಕ್ಕೇ ಜಾರಿ ಇಳಿದರೆ ಸಡಿಲ. ಕೈ ಕೊಡವಿದರೂ ಇಳಿಯದಿದ್ದರೆ ಬಿಗಿ. ಕೊಡವಿದಾಗ ನಾಲ್ಕೈದು ಸೆಂಟಿಮೀಟರ್ ಇಳಿದು ನಿಂತರೆ ಸರಿ. ಸ್ಕ್ರೂವನ್ನು ಒಮ್ಮೆಗೆ ಗಡಿಯಾರದ ಐದು ನಿಮಿಷದಷ್ಟು ಮಾತ್ರ ತಿರುಗಿಸಿ. ತಿರುಗಿಸುವ ಮೊದಲು ಸ್ಪ್ರಿಂಗಿನ ಅಡಿ ಒಂದು ಕಾಗದದ ಮೂಲೆ ಹಾಯಿಸಿ. ಬಹಳ ಸಲ ಕೂದಲೆಳೆಯಂಥ ನಾರು ಹೊರಬಂದು ಅಲ್ಲಿಗೇ ಸರಿಹೋಗುತ್ತದೆ. ಇದರ ಬಾಬಿನ್ ಬಹುತೇಕ ಸಿಂಗರ್ ಯಂತ್ರಗಳದ್ದಕ್ಕಿಂತ ಬೇರೆ; 222, 301 ಬಿಟ್ಟು ಬೇರೆಯವುಗಳದ್ದು ಕೂರುವುದಿಲ್ಲ. ಅಗ್ಗದ ನಕಲು ಬಾಬಿನ್ನುಗಳ ಅಂಚು ಒಂದೇ ಸಮ ಇರುವುದಿಲ್ಲ, ಕೇಸಿನೊಳಗೆ ತಡೆಯುತ್ತ ತಿರುಗುತ್ತವೆ. ಹಳೇ ಬಾಬಿನ್ ಐದಾರು ಸಿಕ್ಕರೆ ಜೋಪಾನ ಮಾಡಿ.

ಇಷ್ಟೆಲ್ಲ ಸರಿಯಿದ್ದೂ ಶುರುವಿನಲ್ಲಿ ಮಾತ್ರ ಗೋಜಲಾದರೆ ಅದು ಯಂತ್ರದ ದೋಷವಲ್ಲ. ದಾರ ಎತ್ತುವ ಕೊಕ್ಕೆ ಅತಿ ಮೇಲೆ ಇರುವಾಗ ಶುರು ಮಾಡಿ, ಮೊದಲ ಎರಡು ಮೂರು ಹೊಲಿಗೆಗೆ ಎರಡೂ ದಾರದ ತುದಿಯನ್ನು ಹಿಂದಕ್ಕೆ ಹಿಡಿದುಕೊಳ್ಳಿ. ಕ್ವಿಲ್ಟ್ ತುಂಡು ಜೋಡಿಸುವಾಗ ನೂರಾರು ಸಲ ಹೀಗೆ ಹಿಡಿಯುವುದು ಬೇಸರ. ಅದಕ್ಕೆ ಒಂದು ಚೂರು ಬಟ್ಟೆಯ ಮೇಲೆ ಹೊಲಿಗೆ ಶುರು ಮಾಡಿ, ದಾರ ಕತ್ತರಿಸದೆ ತುಂಡಿನ ಹಿಂದೆ ತುಂಡು ಕೊಡುತ್ತ ಹೋಗಿ, ಕೊನೆಗೆ ಇನ್ನೊಂದು ಚೂರಿನ ಮೇಲೆ ನಿಲ್ಲಿಸಿ. ಬಟ್ಟೆಯಿಲ್ಲದೆ ದಾರ ಹಾಕಿದ ಯಂತ್ರವನ್ನು ಎಂದೂ ಓಡಿಸಬೇಡಿ.

ಹೊಲಿಗೆ ಬಿಡುತ್ತಿದೆ, ದಾರ ತುಂಡಾಗುತ್ತಿದೆ

ಹೊಸ ಸೂಜಿ ಹಾಕಿ. ಹಳೆಯದು ಕಣ್ಣಿಗೆ ಸರಿ ಕಂಡರೂ ಗಾಜಿನ ಮೇಲೆ ಚಪ್ಪಟೆ ಬದಿ ಇಟ್ಟು ನೋಡಿದರೆ ಬಾಗು ತಿಳಿಯುತ್ತದೆ. ಈ ಯಂತ್ರದ ಸೂಜಿ 15×1, ಪೊಟ್ಟಣದ ಮೇಲೆ 130/705ಎಚ್ ಅಥವಾ ಎಚ್‌ಎ×1 ಎಂದೂ ಇರುತ್ತದೆ. ನಮ್ಮ ಊರಿನ ಹೊಲಿಗೆ ಸಾಮಾನಿನ ಅಂಗಡಿಗಳಲ್ಲೂ ಸಿಗುತ್ತದೆ. ದಪ್ಪ ದಂಡಿನ, ಚಪ್ಪಟೆ ಬದಿಯಿಲ್ಲದ ಕಾರ್ಖಾನೆ ಸೂಜಿ ಬೇಡ. 50 ನಂಬರಿನ ಹತ್ತಿ ದಾರದಲ್ಲಿ ತುಂಡು ಜೋಡಿಸಲು 70/10 ಅಥವಾ 80/12, ಹತ್ತಿ ಪದರ ಸೇರಿದ ಮೂರು ಮಡಿಕೆಗೆ 90/14. ಸೂಜಿಯನ್ನು ಪೂರ್ತಿ ಮೇಲಕ್ಕೆ ತಳ್ಳಿ ಬಿಗಿಯಿರಿ. ಒಂದು ಮಿಲಿಮೀಟರ್ ಕೆಳಗೆ ಉಳಿದರೂ ಹುಕ್ಕಿನ ತುದಿ ಕುಣಿಕೆಯನ್ನು ಹಿಡಿಯದು.

ದಾರ ಪದೇ ಪದೇ ಒಂದೇ ರೀತಿ ಸಿಕ್ಕುಸಿಕ್ಕಾಗಿ ತುಂಡಾದರೆ ಪ್ಲೇಟಿನ ತೂತಿನ ಅಂಚನ್ನೂ ಹುಕ್ಕಿನ ತುದಿಯನ್ನೂ ಉಗುರಿನಿಂದ ಸವರಿ. ಹಿಂದೊಮ್ಮೆ ಸೂಜಿ ಬಡಿದು ಮುಳ್ಳೆದ್ದಿರುತ್ತದೆ. ಅತಿ ನಯವಾದ ಎಮರಿ ಕಾಗದವನ್ನು ಕಡ್ಡಿಗೆ ಸುತ್ತಿ ಆ ಮುಳ್ಳನ್ನಷ್ಟೇ ತೇಯಿರಿ, ಹುಕ್ಕಿನ ತುದಿಯ ಮೊನೆ ಮೊಂಡಾಗಬಾರದು.

ಇದೆಲ್ಲ ಮುಗಿದ ಮೇಲೂ ಹೊಲಿಗೆ ಬಿಟ್ಟರೆ ಮಾತ್ರ ಟೈಮಿಂಗ್, ಅಂದರೆ ಸೂಜಿಗೂ ಹುಕ್ಕಿಗೂ ಇರುವ ಹೊಂದಾಣಿಕೆ. ಸೂಜಿ ಅತಿ ಕೆಳಗಿನ ಜಾಗದಿಂದ ಸುಮಾರು 2.4 ಮಿಲಿಮೀಟರ್ ಮೇಲೇರಿದಾಗ ಹುಕ್ಕಿನ ತುದಿ ಸೂಜಿಯ ನಡುವಿಗೆ, ಸೂಜಿ ಕಣ್ಣಿಗಿಂತ ಸ್ವಲ್ಪ ಮೇಲೆ ಬಂದಿರಬೇಕು. ತನ್ನಷ್ಟಕ್ಕೆ ಇದು ತಪ್ಪುವುದಿಲ್ಲ; ದಾರ ಸಿಕ್ಕಿಕೊಂಡಾಗ ಯಾರೋ ಬಲವಂತದಿಂದ ಓಡಿಸಿ ಗೇರಿನ ಸ್ಕ್ರೂ ಜಾರಿರುತ್ತದೆ. ಕೈ ಪಳಗಿಲ್ಲದವರು ಇದನ್ನು ಮೆಕ್ಯಾನಿಕ್ಕಿಗೇ ಬಿಡುವುದು ಒಳ್ಳೆಯದು.

ತುಂಡುಗಳು ಅಳತೆಗೆ ಕೂರುತ್ತಿಲ್ಲ

ಕ್ವಿಲ್ಟಿನ ಲೆಕ್ಕವೆಲ್ಲ ಕಾಲಿಂಚು ಅಂಚಿನ ಮೇಲೆ ನಿಂತಿದೆ. ಅಂಚು ಒಂದಿಂಚಿನ 32ನೇ ಒಂದು ಭಾಗ ಹೆಚ್ಚಾದರೆ ಪ್ರತಿ ಜೋಡಣೆಯಲ್ಲಿ ಎರಡು ಬದಿ ಸೇರಿ 16ನೇ ಒಂದು ಭಾಗ ಹೋಯಿತು. ಹನ್ನೆರಡು ಜೋಡಣೆಗೆ ಮುಕ್ಕಾಲು ಇಂಚು. ಒಂದೂವರೆ ಇಂಚು ಅಗಲದ ಮೂರು ಪಟ್ಟಿ ಕತ್ತರಿಸಿ ಜೋಡಿಸಿ, ಇಸ್ತ್ರಿ ಮಾಡಿ ಅಳೆಯಿರಿ. ಒಟ್ಟು ಮೂರೂವರೆ ಇಂಚು, ನಡುವಿನ ಪಟ್ಟಿ ಸರಿಯಾಗಿ ಒಂದಿಂಚು ಬರಬೇಕು. ಕಡಿಮೆ ಬಂದರೆ ಗುರುತನ್ನು ಕೂದಲೆಳೆಯಷ್ಟು ಸೂಜಿಯ ಕಡೆಗೆ ಸರಿಸಿ, ಏಕೆಂದರೆ ಮಡಿಕೆಯೂ ಒಂದಿಷ್ಟು ಬಟ್ಟೆ ನುಂಗುತ್ತದೆ. ಪಾದ ಸಿಕ್ಕಿಸುವ ದಂಡು ಗಿಡ್ಡವಿರುವ (ಲೋ ಶ್ಯಾಂಕ್) ಯಂತ್ರಗಳಿಗೆ ಮಾರುವ ಕಾಲಿಂಚಿನ ಪಾದ ಇದಕ್ಕೆ ಹೊಂದುತ್ತದೆ.

ಹೊಲಿಗೆ ಉದ್ದದ ಅಂಕಿಗಳು ಮಿಲಿಮೀಟರಲ್ಲ, ಇಂಚಿಗೆ ಎಷ್ಟು ಹೊಲಿಗೆ ಎಂಬುದು. 6 ಎಂದರೆ ಉದ್ದ, 30 ಎಂದರೆ ಅತಿ ಸಣ್ಣ. ತುಂಡು ಜೋಡಿಸಲು 12ರ ಆಸುಪಾಸು ಸಾಕು. ಬಟ್ಟೆ ಒಂದೇ ಕಡೆಗೆ ವಾಲುತ್ತಿದ್ದರೆ, ಮೇಲಿನ ಪದರ ಮುಂದೆ ಓಡುತ್ತಿದ್ದರೆ ಪಾದದ ಒತ್ತಡ ಹೆಚ್ಚಾಗಿದೆ. ತಲೆಯ ಮೇಲಿನ ಸ್ಕ್ರೂವನ್ನು ಅರ್ಧರ್ಧ ಸುತ್ತು ಸಡಿಲಿಸಿ ನೋಡಿ.

ಸದ್ದು, ವಾಸನೆ

ಧಡ್ ಧಡ್ ಎಂದು ತಾಳ ಹಾಕಿದಂತೆ ಬಡಿದರೆ ಬೆಲ್ಟು ವರ್ಷಗಟ್ಟಲೆ ಒಂದೇ ಭಂಗಿಯಲ್ಲಿದ್ದು ಚಪ್ಪಟೆಯಾಗಿದೆ. ಅರ್ಧ ಗಂಟೆ ಓಡಿದರೂ ಹೋಗದಿದ್ದರೆ ಬದಲಿಸಿ. ಕರಕರ ಎಂದರೆ ಅಡಿಯ ಗೇರುಗಳಿಗೆ ಗ್ರೀಸ್ ಇಲ್ಲ, ಹಲ್ಲಿನ ಮೇಲೆ ತೆಳುವಾಗಿ ಸವರಿ. ಕೊನೆಯ ಕಾಲದ ಬಿಳಿ 221ಕೆ7ರ ಒಳಗೆ ಹಲ್ಲಿನ ಬೆಲ್ಟಿದೆ, ಅದಕ್ಕೆ ಗ್ರೀಸ್ ತಾಗಿಸಬಾರದು. ಮೇಜಿನ ಮೇಲೆ ಕುಣಿದರೆ ಅಡಿಯ ರಬ್ಬರ್ ಕಾಲುಗಳು ಕಲ್ಲಾಗಿವೆ. ಪೆಟ್ಟಿಗೆಯ ಮುಗ್ಗಲು ವಾಸನೆ ಬಿಸಿಲಿಗಿಟ್ಟಷ್ಟೂ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದು ಅಪರೂಪ.

ದಪ್ಪ ಪದರಕ್ಕೆ ಯಂತ್ರ ಒಪ್ಪುತ್ತಿಲ್ಲ

ಇಲ್ಲಿ ರಿಪೇರಿ ಮಾಡುವಂಥದ್ದೇನೂ ಇಲ್ಲ, ಯಂತ್ರದ ಮಿತಿಯೇ ಇಷ್ಟು. ತೋಳಿನ ಅಡಿಯ ಜಾಗ ಕಿರಿದು. ಸುತ್ತಿದ ದೊಡ್ಡ ಕ್ವಿಲ್ಟ್ ಅಲ್ಲಿ ತೂರುವುದು ಕಷ್ಟ. ಬಟ್ಟೆ ತಳ್ಳುವ ಹಲ್ಲುಗಳನ್ನು ಕೆಳಗಿಳಿಸಲು ಬರುವುದಿಲ್ಲ, ಸ್ವಚ್ಛಂದ ಗೆರೆ ಹೊಲಿಯಬೇಕೆಂದರೆ ಮೇಲೆ ಮುಚ್ಚುಪ್ಲೇಟು ಹಾಕಬೇಕು. ತೆಳು ಹತ್ತಿಯ ಮಗುವಿನ ಕ್ವಿಲ್ಟಿಗೆ ಮೇಲಿನ ಪದರವನ್ನೂ ಜೊತೆಗೇ ತಳ್ಳುವ ವಾಕಿಂಗ್ ಪಾದ ಹಾಕಿ, ಒತ್ತಡ ಸಡಿಲಿಸಿ, ಹೊಲಿಗೆಯನ್ನು 8 ಅಥವಾ 10ಕ್ಕೆ ಇಟ್ಟು ನೇರ ಗೆರೆ ಹೊಲಿಯಬಹುದು. ಜೋಡಣೆಗಳು ಸೇರುವ ಗಂಟಿನ ಮೇಲೆ ಪೆಡಲ್ ಬಿಟ್ಟು ಚಕ್ರವನ್ನು ಕೈಯಲ್ಲಿ ತಿರುಗಿಸಿ ದಾಟಿಸಿ. ಮೋಟರ್ ಗುಂಯ್ ಎನ್ನುತ್ತ ನಿಂತಾಗ ಪೆಡಲ್ ಒತ್ತಿ ಹಿಡಿದರೆ ಸುರುಳಿ ಸುಡುತ್ತದೆ.

ಉತ್ತರ ಕರ್ನಾಟಕದ ಕೌದಿಯನ್ನೋ, ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರು ಹೊರ ಅಂಚಿನಿಂದ ಒಳಕ್ಕೆ ಸುತ್ತುತ್ತ ಹಾಕುವ ಕವಂದಿಯನ್ನೋ ಇದರಲ್ಲಿ ಮಾಡಹೊರಟವರು ಕೆಲಸವನ್ನು ಹಂಚಿಕೊಳ್ಳಬೇಕು. ಹಳೇ ಸೀರೆ, ಪಂಚೆಗಳ ನಾಲ್ಕೈದು ಪದರ ಹಾಸಿದರೆ ಪಾದದಡಿ ಸೇರಿದರೂ ಹಲ್ಲು ಎಳೆಯುವುದಿಲ್ಲ, ಅಡಿಪದರ ನೆರಿಗೆ ಕಟ್ಟುತ್ತದೆ. ಮೇಲ್ಪದರದ ತುಂಡುಗಳನ್ನು ಬೇಕಾದರೆ ಯಂತ್ರದಲ್ಲಿ ಜೋಡಿಸಿ ಸಿದ್ಧಮಾಡಿ. ಪದರ ಹೂಡಿದ ಮೇಲಿನ ಹೊಲಿಗೆಗೆ ಕೈಸೂಜಿ ಮತ್ತು ದಪ್ಪ ದಾರವೇ ಆಗಬೇಕು.